ಸಾವಿರಕ್ಕೊಂದು ಸರ್ಕಾರದ ಕಾಯಿ

ಕಡೂರಿನ ತೆಂಗಿನಕಾಯಿ ವ್ಯಾಪಾರಿ ಹೊನ್ನೇಶಪ್ಪನವರು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾರೆ ಎಂದು ನಾನು ಬರೆದರೆ ಅದು ಎರಡನೆಯ ಸುಳ್ಳಾದೀತು. ವ್ಯಾಪಾರಸ್ಥರು ಅಂದಮೇಲೆ "ಅಸಲಿಗೇ ಕೊಡ್ತಾ ಇದೀನಿ ಸ್ವಾಮಿ, ನಂಗೇನೂ ಗಿಟ್ಟಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳಲೇಬೇಕಾಗುತ್ತದೆ. ಅದನ್ನು ದೇವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತರೀಕೆರೆಯಲ್ಲಿ, ಭಾವಮೈದನ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಬಾಳೆಲೆಯ ಮುಂದೆ ಕೂತು ಅವರು ಹೇಳಿದ ಸುಳ್ಳು ಆ ಜಾತಿಯದಲ್ಲ. ಅದರಿಂದ ಮಗಳ ಕಾಲೇಜು ಸೀಟೇ ಕೈಬಿಟ್ಟು ಹೋಗುವ ಹಾಗಾಯಿತು.

ಭಾವಮೈದ ಅಂದರೆ ಓಂಕಾರೇಶ. ಹೊನ್ನೇಶಪ್ಪನವರ ಹೆಂಡತಿ ಕಮಲಾಕ್ಷಮ್ಮನ ಒಡಹುಟ್ಟಿದ ತಮ್ಮ, ತರೀಕೆರೆಯಲ್ಲಿ ಅಡಿಕೆ ವ್ಯಾಪಾರ. ಎರಡಂತಸ್ತಿನ ಮನೆ ಕಟ್ಟಿದ್ದ. ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಒಳಗೆಲ್ಲೋ ಹಕ್ಕಿ ಕೂಗುತ್ತಿತ್ತು. ಬಂದ ನೆಂಟರೆಲ್ಲ ತಲೆಗೊಂದು ಸಲ ಹಕ್ಕಿ ಕೂಗಿಸಿಯೇ ಊಟಕ್ಕೆ ಕೂತಿದ್ದರು. ಓಂಕಾರೇಶ ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು ಪಂಕ್ತಿಯ ಮಧ್ಯೆ ಓಡಾಡುತ್ತಿದ್ದವನು ಹೊನ್ನೇಶಪ್ಪನವರ ಎಲೆಯ ಮುಂದೆ ಬಂದು ನಿಂತು ನಿಟ್ಟುಸಿರು ಬಿಟ್ಟ. ಹಣವಂತರ ನಿಟ್ಟುಸಿರಿನ ವಿಶೇಷವೇನೆಂದರೆ ಅದು ಪಂಕ್ತಿಯ ಆ ತುದಿಯವರೆಗೂ ಕೇಳಿಸುತ್ತದೆ.

"ಏನ್ ಭಾವ, ನಿಮ್ದೇ ಆರಾಮು ನೋಡಿ. ನಮ್ದು ಬಲು ತಲೆನೋವು. ಈಗ ಮಾಲು ತಗೊಂಡ್ರೂ ಟಿಡಿಎಸ್ ಕಟ್ ಮಾಡ್ಬೇಕು."

"ಹಂಗಂದ್ರೇನೋ ಓಂಕಾರಿ?" ಎಂದು ಕೇಳಿದವನು ಪಕ್ಕದ ಎಲೆಯ ಕೆಂಚಪ್ಪ. ಬುಕ್ಕಾಂಬುಧಿಯ ತೆಂಗಿನ ತೋಟದ ಯಜಮಾನ. ಎರಡು ಮನೆಗೂ ಬೇಕಾದ ಹಿರಿಯ. ಹೊನ್ನೇಶಪ್ಪನವರ ಅಪ್ಪನ ಕಾಲದಿಂದಲೂ ಅವರ ಅಂಗಡಿಗೇ ಕಾಯಿ ಹಾಕುವವನು.

"ತೆರಿಗೆ ಮೊದ್ಲೇ ಮುರ್ಕೊಳ್ಳೋದು ಕೆಂಚಪ್ಪಣ್ಣ. ಮಾರೋನ ಕೈಗೆ ಕೊಡೋವಾಗ್ಲೇ ಸಾವಿರಕ್ಕೆ ಒಂದು ಅಂತ ಹಿಡ್ಕೊಂಡು ಸರ್ಕಾರಕ್ಕೆ ಕಟ್ಟೋದು. ಎಲ್ಲಾರಿಗೂ ಇಲ್ಲ ಅದು. ವರ್ಷಕ್ಕೆ ಹತ್ತು ಕೋಟಿ ವಹಿವಾಟು ದಾಟಿದೋರಿಗೆ ಮಾತ್ರ." ಇಷ್ಟು ಹೇಳಿ ಅವನು ಹೊನ್ನೇಶಪ್ಪನವರನ್ನು ಬಹಳ ಕರುಣೆಯಿಂದ ನೋಡಿದ. "ಭಾವಂಗೆ ಆ ಕಾಟ ಇಲ್ಲ ಬಿಡಿ."

ಆಮೇಲೂ ಅವನು ಒಬ್ಬನೇ ಮಾರಾಟಗಾರ, ಐವತ್ತು ಲಕ್ಷ ಎಂದೇನೋ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಶಾವಿಗೆ ಪಾಯಸದ ಬಕೆಟ್ಟು ಬಂದದ್ದರಿಂದ ಕಾನೂನಿನ ಆ ಭಾಗ ಯಾರ ಕಿವಿಗೂ ಬೀಳಲಿಲ್ಲ. ಹೊನ್ನೇಶಪ್ಪನವರ ಕಿವಿಯಲ್ಲಿ ಆ ಕರುಣೆಯೊಂದೇ ಗುಂಯ್‌ಗುಡುತ್ತಿತ್ತು. ಇವನಿಗೆ ಮೀಸೆ ಮೂಡುವ ಮೊದಲು ಸೈಕಲ್ ಕಲಿಸಿದವರು ಅವರು. ಆ ಸೈಕಲ್ಲು ಕಲಿತವನು ಈಗ ಇಷ್ಟು ದೊಡ್ಡವನಾಗಿ ನೂರು ಜನರೆದುರು 'ಬಿಡಿ' ಎನ್ನುವುದೆಂದರೇನು?

"ಯಾರಯ್ಯಾ ಹೇಳಿದ್ದು ನಂಗಿಲ್ಲ ಅಂತ?" ಎಂದರು ಹೊನ್ನೇಶಪ್ಪ. "ನಾನೂ ಕಟ್ ಮಾಡ್ತೀನಿ."

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಹೆಂಗಸರ ಸಾಲಿನಲ್ಲಿ ಹಪ್ಪಳ ಮುರಿಯುತ್ತಿದ್ದ ಕಮಲಾಕ್ಷಮ್ಮ ಮುರಿಯುವುದನ್ನು ನಿಲ್ಲಿಸಿದಳು.

"ನೀವಾ ಭಾವ? ಹತ್ತು ಕೋಟಿ?"

"ದಾಟಿ ಎಷ್ಟೋ ಕಾಲ ಆಯ್ತು. ಹೇಳ್ಕೊಂಡು ತಿರುಗೋ ಅಭ್ಯಾಸ ನಮ್ಮನೇಲಿ ಇಲ್ಲ" ಎಂದು ಅವರು ಪಾಯಸದ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದರು. ಪಾಯಸ ಕುದಿಯುವಷ್ಟು ಬಿಸಿಯಿತ್ತು. ಹತ್ತು ಕೋಟಿ ದಾಟಿದವರು ಪಂಕ್ತಿಯಲ್ಲಿ ಹಾ ಹೂ ಎಂದು ಬಾಯಿ ಬೀಸಿಕೊಳ್ಳುವಂತಿಲ್ಲ. ಕಣ್ಣಲ್ಲಿ ನೀರು ಬಂತು. ನೋಡಿದವರು ಅದನ್ನು ವಿನಯ ಎಂದುಕೊಂಡರು.

ಕಡೂರಿಗೆ ವಾಪಸು ಬರುವ ಬಸ್ಸಿನಲ್ಲಿ ಬೀರೂರು ದಾಟಿದ ಮೇಲೆ, "ಹಿತ್ಲು ಕಡೆ ಶೀಟು ಸೋರ್ತದೆ, ಬದಲಾಯ್ಸಿ ಅಂತ ಮಳೆಗಾಲಕ್ಕೆ ಮುಂಚೆ ಹೇಳಿದ್ದೆ" ಎಂದಳು ಕಮಲಾಕ್ಷಮ್ಮ. "ಹತ್ತು ಕೋಟೀಲಿ ಒಂದು ಶೀಟು ತಂದ್ಹಾಕಿ."

"ಬಾಯಿ ಜಾರಿ ಬಂದ್ಬಿಡ್ತು ಕಣೇ."

"ಜಾರ್ಲಿಲ್ಲ, ಓಡ್ಕೊಂಡು ಬಂತು. ನಾನು ನೋಡ್ತಾನೇ ಇದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರವೇ ಕೆಂಚಪ್ಪ ಲಗೇಜ್ ಆಟೋದಲ್ಲಿ ಕಾಯಿ ಹೇರಿಸಿಕೊಂಡು ಬಂದ. ಎಣಿಕೆ ಮುಗಿಯಿತು. ಎಂದಿನಂತೆ ಟವೆಲ್ ಕೊಡವಿಕೊಂಡು ಹೊರಡುವ ಬದಲು ಅವನು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಏನಪ್ಪಾ ಹೊನ್ನೇಶಾ, ಕಟ್ ಮಾಡು ಮತ್ತೆ. ನೋಡ್ಬೇಕು ಅಂತ್ಲೇ ಬಂದೀನಿ."

ಇಲ್ಲಿ ಮನೆಯ ಜಗಲಿಯಲ್ಲೇ ನಡೆಯುವ ಹೊನ್ನೇಶಪ್ಪನವರ ಅಂಗಡಿಯ ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಅಂಗಡಿಯಲ್ಲಿ ಕೊಡುವುದು ಹಿಡಿಯುವುದು ಏನಿದ್ದರೂ ಕಾಯಿಯಲ್ಲೇ. ನೂರಕ್ಕೆ ಇಷ್ಟು ಎಂದು ಮೇಲೆ ಕೊಡುವ ಕೊಸರು ಕಾಯಿಯಲ್ಲೇ. ಕೊಳೆತದ್ದಕ್ಕೆ ಬದಲಿ ಕಾಯಿಯಲ್ಲೇ. ಇಳಿಸುವವರಿಗೆ, ಎಣಿಸುವವರಿಗೆ, ಬೀದಿ ಕೊನೆಯ ಆಂಜನೇಯನಿಗೆ, ಎಲ್ಲರಿಗೂ ಸಲ್ಲುವುದು ಕಾಯಿಯೇ. ಹೀಗಿರುವಾಗ ಸಾವಿರಕ್ಕೆ ಒಂದು ಎಂಬ ಸರ್ಕಾರಿ ಮಾತನ್ನು ಅವರು ಹೇಗೆ ಅರ್ಥ ಮಾಡಿಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಂಭೀರವಾಗಿ ಎದ್ದರು. ರಾಶಿಯಿಂದ ಒಂದು ಕಾಯಿ ತೆಗೆದರು.

"ಅದಲ್ಲ, ಅದಲ್ಲ!" ಕೆಂಚಪ್ಪ ದಡಬಡನೆ ಎದ್ದ. "ಮೂತಿ ಸೊಟ್ಟ ಅದೆ. ಸರ್ಕಾರಕ್ಕೆ ಹಂಗೆಲ್ಲಾ ಕೊಡಬಾರ್ದು ಕಣೋ." ರಾಶಿಯನ್ನೆಲ್ಲ ಕೆದಕಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ನೀರು ತುಂಬಿದ ಗುಂಡನೆಯ ಕಾಯೊಂದನ್ನು ಆರಿಸಿ ಹೊನ್ನೇಶಪ್ಪನವರ ಕೈಗಿಟ್ಟ. ಆಮೇಲೆ ಎದೆ ಮುಂದೆ ಮಾಡಿಕೊಂಡು, "ಇನ್ಮೇಲೆ ನಾನೂ ಟ್ಯಾಕ್ಸ್ ಕಟ್ಟೋನು" ಎಂದು ಆಟೋದವನಿಗೆ ಹೇಳಿ ಹೊರಟ.

ಜಗಲಿಯ ಮೂಲೆಯಲ್ಲಿ ಸರ್ಕಾರದ ರಾಶಿ ಶುರುವಾಯಿತು. ರಟ್ಟಿನ ಮೇಲೆ "ಟಿಡಿಎಸ್, ಯಾರೂ ಮುಟ್ಟಬಾರದು" ಎಂದು ಬರೆದು ಗೋಡೆಗೆ ಹೊಡೆದರು. ಮಗಳು ಭವ್ಯ ಆಗಷ್ಟೇ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಬೋರ್ಡು ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪಾ, ಅದನ್ನ ದುಡ್ಡಲ್ಲಿ ಕಟ್ಟೋದು. ಕಾಯಲ್ಲಲ್ಲ. ಅದೂ ಒಬ್ಬರ ಹತ್ರಾನೇ ವರ್ಷಕ್ಕೆ ಐವತ್ತು ಲಕ್ಷ ದಾಟಿ ತಗೊಂಡ್ರೆ, ದಾಟಿದ್ದರ ಮೇಲೆ ಮಾತ್ರ. ಮೊಬೈಲಲ್ಲೇ ಅದೆ, ಓದ್ಲಾ?"

"ಹೋಗೇ, ನಂಗೆ ಹೇಳೋಕೆ ಬತ್ತಾಳೆ. ಹಿಂದೆ ಕಂದಾಯ ರಾಗೀಲಿ ಕೊಡ್ತಿರ್ಲಿಲ್ವಾ? ಇದೂ ಹಂಗೇ." ಆದರೆ ಐವತ್ತು ಲಕ್ಷ ಎಂದದ್ದು ಅವರ ಎದೆಗೆ ಸ್ವಲ್ಪ ತಾಗಿತು. ಬುಕ್ಕಾಂಬುಧಿ ಕೆರೆ ಬತ್ತಿಸಿ ಅದರ ತುಂಬ ತೆಂಗು ನೆಟ್ಟರೂ ಕೆಂಚಪ್ಪನೊಬ್ಬನಿಂದ ಅಷ್ಟು ಕಾಯಿ ಬರುವುದಿಲ್ಲ. ಕಾನೂನು ನಮಗೆ ಸರಿಹೋಗದಿದ್ದರೆ ಅದು ನಮ್ಮ ತಪ್ಪೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಕಷ್ಟ ಕೊಟ್ಟವಳು ಚೌಳಹಿರಿಯೂರಿನ ಹುಲಿಗೆಮ್ಮ. ಹಿತ್ತಿಲ ಮರಗಳದ್ದು ಇನ್ನೂರು ಕಾಯಿ ತಂದಿದ್ದಳು. ಸಾವಿರಕ್ಕೆ ಒಂದಾದರೆ ಇನ್ನೂರಕ್ಕೆ ಎಷ್ಟು? ಹೊನ್ನೇಶಪ್ಪನವರು ಇರಲಿ ಬಿಡಮ್ಮ ಎನ್ನಬಹುದಿತ್ತು. ಆದರೆ ಜಗಲಿಯಲ್ಲಿ ಆಗ ನಾಲ್ಕು ಜನ ಕೂತಿದ್ದರು. ಒಂದು ಕಾಯಿ ಎತ್ತಿಕೊಂಡರು.

"ಒಂದು ಪೂರ್ತಿನಾ? ನ್ಯಾಯವೇನಪ್ಪಾ ಇದು? ಕೆಂಚಪ್ಪನ ಸಾವಿರಕ್ಕೂ ಒಂದೇ, ನನ್ನ ಇನ್ನೂರಕ್ಕೂ ಒಂದೇನಾ? ನನ್ ಚಿಲ್ಲರೆ ಕೊಡು!"

ನಾಲ್ಕೂ ಜನ ಅವಳ ಪಕ್ಷ ಹಿಡಿದರು. ಕೊನೆಗೆ ಕಾಯಿ ಒಡೆದು, ಚಾಕು ತಂದು, ಐದು ಪಾಲು ಮಾಡಿ, ನಾಲ್ಕು ಪಾಲನ್ನು ಹುಲಿಗೆಮ್ಮನ ಸೆರಗಿಗೆ ಹಾಕಿ, ಒಂದು ಹೋಳನ್ನು ಬಾಳೆಲೆಯಲ್ಲಿ ಸುತ್ತಿ ಸರ್ಕಾರದ ರಾಶಿಯ ಮೇಲೆ ಇಟ್ಟರು. ಕಾಯಿನೀರು ಯಾರದು ಎಂಬ ಪ್ರಶ್ನೆ ಎದ್ದಾಗ ಕಮಲಾಕ್ಷಮ್ಮ ಒಳಗಿನಿಂದ ಬಂದು ಅದನ್ನು ತುಳಸಿ ಕಟ್ಟೆಗೆ ಸುರಿದು ವ್ಯಾಜ್ಯ ಮುಗಿಸಿದಳು.

ರಾಶಿ ಬೆಳೆಯಿತು. ಅದರ ಜೊತೆಗೇ ಹೊನ್ನೇಶಪ್ಪನವರ ಕೀರ್ತಿಯೂ. ದಾರಿಯಲ್ಲಿ ಹೋಗುವವರು ಜಗಲಿಯ ಮೂಲೆ ನೋಡಿ, ಸಾವಿರಕ್ಕೊಂದು ಅಂದರೆ ಇಷ್ಟಾಗಬೇಕಾದರೆ ಒಟ್ಟು ಎಷ್ಟಿರಬೇಕು ಎಂದು ಬಾಯಿ ಮೇಲೆ ಬೆರಳಿಡುತ್ತಿದ್ದರು. ಹೋಟೆಲಿನವನು ಅವರು ಕೂರುವ ಟೇಬಲ್ಲನ್ನು ಎರಡೆರಡು ಸಲ ಒರೆಸತೊಡಗಿದ. ಗಣಪತಿ ಸಮಿತಿಯ ದೇವರಾಜ ಬಂದು ಅವರನ್ನು ಕೇಳದೆಯೇ ಗೌರವಾಧ್ಯಕ್ಷರನ್ನಾಗಿ ಮಾಡಿ, ಪೆಂಡಾಲಿನ ಖರ್ಚು ಅವರದೆಂದು ಸಾರಿ ಹೋದ. ಪಕ್ಕದ ಮನೆಯ ಸಾವಿತ್ರಮ್ಮ ಅಲ್ಲಿಯವರೆಗೆ ಕಾಫಿಪುಡಿ ಕೇಳಲು ಬರುತ್ತಿದ್ದವಳು, ಈಗ ತಂಗಿಯ ಮಗನಿಗೊಂದು ಕೆಲಸ ಕೇಳಲು ಬಂದಳು.

"ಟ್ಯಾಕ್ಸ್ ಕಟ್ ಮಾಡೋ ಡಿಪಾರ್ಟ್‌ಮೆಂಟಲ್ಲಾದ್ರೂ ಹಾಕ್ಕೊಳಿ ಹೊನ್ನೇಶಣ್ಣ. ಕಾಯಿ ಎತ್ತಿಡೋದು ತಾನೇ."

ಹೊನ್ನೇಶಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರತೊಡಗಿದರು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಸುಖದಲ್ಲೇ ಭವ್ಯಳಿಗೆ ಶಿವಮೊಗ್ಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಶುಲ್ಕ ರಿಯಾಯಿತಿ, ಹಾಸ್ಟೆಲು ಎರಡೂ ಸಿಗುವ ಹಾಗಿತ್ತು. ಅದಕ್ಕೆ ಬೇಕಾದದ್ದು ಒಂದು ಆದಾಯ ಪ್ರಮಾಣಪತ್ರ. ಸೋಮವಾರ ಕಡೇ ದಿನ. ರಿಯಾಯಿತಿ ಇಲ್ಲದೆ ಓದಿಸುವ ಶಕ್ತಿ ಹೊನ್ನೇಶಪ್ಪನವರಿಗಿರಲಿಲ್ಲ. ಅವರ ನಿಜವಾದ ಆದಾಯ ಸರ್ಕಾರದ ಮಿತಿಯೊಳಗೆ ಕಾಲು ಚಾಚಿ ಮಲಗುವಷ್ಟು ಸಣ್ಣದು. ಅರ್ಜಿ ಹಾಕಿದರು. ರೆವಿನ್ಯೂ ಇನ್ಸ್‌ಪೆಕ್ಟರ್ ಶಿವಕುಮಾರ್ ತನಿಖೆಗೆ ಬಂದರು. ಇವರು ಕಾಸು ಮುಟ್ಟದ ಮನುಷ್ಯ. ಕಣ್ಣಾರೆ ನೋಡದೆ, ನಾಲ್ಕು ಜನರನ್ನು ಕೇಳದೆ ಯಾವುದಕ್ಕೂ ಸಹಿ ಹಾಕುವವರಲ್ಲ. ನಾಡಿಗೆ ಇಂಥವರು ಬೇಕು ಎಂದು ನಾವೆಲ್ಲ ಹೇಳುತ್ತೇವೆ, ನಮ್ಮ ಮನೆಗೆ ಬರುವವರೆಗೆ.

ಬಂದವರು ಮೊದಲು ಕೇಳಿದ್ದು ಸಾವಿತ್ರಮ್ಮನನ್ನು. "ಈ ಹೊನ್ನೇಶಪ್ಪನವರ ಪರಿಸ್ಥಿತಿ ಹೆಂಗಮ್ಮ?"

"ಪರಿಸ್ಥಿತಿ ಏನ್ ಬಂದದೆ ಸಾರ್ ಅವರಿಗೆ? ಹತ್ತು ಕೋಟಿ! ಟ್ಯಾಕ್ಸ್ ಕಟ್ ಮಾಡೋರು! ನಮ್ಮ ಬೀದಿಗೇ ಮರ್ಯಾದೆ ಅವರಿಂದ" ಎಂದಳು ಸಾವಿತ್ರಮ್ಮ, ತುಂಬು ಹೃದಯದಿಂದ.

ಶಿವಕುಮಾರರು ಜಗಲಿ ಹತ್ತಿ ಬೋರ್ಡು ಓದಿದರು. ರಾಶಿ ನೋಡಿದರು. ಬಾಳೆಲೆ ಬಿಚ್ಚಿ ಕಪ್ಪಾಗಿದ್ದ ಹೋಳನ್ನೂ ನೋಡಿದರು.

"ಇದೇನ್ರೀ?"

"ಅದು... ಟಿಡಿಎಸ್ಸು ಸಾರ್. ಸುಮ್ನೆ ಇಟ್ಟಿರೋದು. ನಾನೇನೂ ದೊಡ್ಡೋನಲ್ಲ ಸಾರ್."

"ಟಿಡಿಎಸ್ ಯಾರು ಕಟ್ ಮಾಡೋದು? ಹತ್ತು ಕೋಟಿ ದಾಟಿದೋರು. ನೀವು ಕಟ್ ಮಾಡಿದೀರಿ. ಅಂದ್ರೆ?"

"ದಾಟಿಲ್ಲ ಸಾರ್!"

"ದಾಟದೇ ಇರೋನು ಯಾವನಾದ್ರೂ ಇಲ್ಲದ ಟ್ಯಾಕ್ಸನ್ನ ಮೈಮೇಲೆ ಎಳ್ಕೊಂತಾನೇನ್ರೀ? ದಾಟಿದೋರು ದಾಟಿಲ್ಲ ಅನ್ನೋದನ್ನ ನನ್ನ ಸರ್ವೀಸಲ್ಲಿ ಬೇಕಾದಷ್ಟು ನೋಡಿದೀನಿ. ದಾಟದೋನು ದಾಟಿದೀನಿ ಅನ್ನೋದನ್ನ ನೋಡಿಲ್ಲ." ಅವರು ಯೋಚಿಸಿ, "ಶನಿವಾರ ಮತ್ತೆ ಬತ್ತೀನಿ. ನಾಲ್ಕು ಜನರನ್ನ ಕರೆಸಿಡಿ, ಹೇಳಿಕೆ ತಗೋತೀನಿ. ಅದುವರೆಗೂ ಸಹಿ ಇಲ್ಲ" ಎಂದು ಹೊರಟರು.

ಭವ್ಯ ಅಳಲಿಲ್ಲ, ಕೂಗಾಡಲಿಲ್ಲ. "ಹೋಗ್ಲಿ ಬಿಡಪ್ಪ, ಇಲ್ಲೇ ಕಡೂರಲ್ಲೇ ಡಿಗ್ರಿ ಮಾಡ್ತೀನಿ" ಎಂದು ಒಳಗೆ ಹೋದಳು. ಅತ್ತಿದ್ದರೆ ಹೊನ್ನೇಶಪ್ಪನವರು ಗದರಿ ಸುಮ್ಮನಾಗಿಸುತ್ತಿದ್ದರು. ಆ 'ಹೋಗ್ಲಿ ಬಿಡಪ್ಪ' ಎಂಬುದನ್ನು ಗದರುವುದು ಹೇಗೆ? ಪಿಯುಸಿಯಲ್ಲಿ ಅವಳು ದೀಪದ ಮುಂದೆ ತೂಕಡಿಸುತ್ತಾ ಓದುವಾಗ ಅವರೇ ಎದ್ದು ಕಾಫಿ ಕಾಸಿಕೊಟ್ಟಿದ್ದರು. ತಮ್ಮ ಬಾಯಿಯ ಚಪಲಕ್ಕೆ ಈ ಮಗು ದಂಡ ಕಟ್ಟಬೇಕೇ?

"ಕಾಯೆಲ್ಲಾ ವಾಪಸ್ ಕೊಟ್ಬತ್ತೀನಿ" ಎಂದರು ಹೆಂಡತಿಗೆ. "ಒಬ್ಬೊಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ಸುಳ್ಳು ಅಂತ ಹೇಳಿ ಬತ್ತೀನಿ. ಶನಿವಾರ ಅವರೇ ಬಂದು ಸಾಹೇಬರಿಗೆ ನಿಜ ಹೇಳ್ಲಿ."

"ಮೊದಲೇ ಈ ಬುದ್ಧಿ ಬಂದಿದ್ರೆ" ಎಂದಳು ಕಮಲಾಕ್ಷಮ್ಮ. ಆದರೆ ದಾರಿಗೆ ಬುತ್ತಿ ಕಟ್ಟಿಕೊಟ್ಟಳು.

ಲಗೇಜ್ ಆಟೋದಲ್ಲಿ ಸರ್ಕಾರದ ರಾಶಿ ಹೊರಟಿತು. ಮೊದಲು ಚೌಳಹಿರಿಯೂರು. ಹುಲಿಗೆಮ್ಮನ ಹೋಳು ಕೈಯಲ್ಲಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ನಾಚಿಕೆಯಿಂದ ಅದರ ಬದಲು ಒಂದು ಇಡೀ ಕಾಯಿ ಕೊಟ್ಟು, "ಹುಲಿಗೆಮ್ಮ, ತಪ್ಪಾಯ್ತು, ಇದು ನಿಂದು, ತಗೋ" ಎಂದರು.

ಹುಲಿಗೆಮ್ಮ ಕಾಯಿಯನ್ನೂ ಅವರ ಮುಖವನ್ನೂ ನೋಡಿದಳು. ಆಮೇಲೆ ಬೀದಿಗೆ ಕೇಳುವ ಹಾಗೆ ಕೂಗಿದಳು. "ನೋಡ್ರಮ್ಮೋ! ನಾನು ಕೊಟ್ಟಿದ್ದು ಒಂದು ಹೋಳು, ಬಡ್ಡಿ ಸೇರ್ಸಿ ಇಡೀ ಕಾಯಿ ತಂದವ್ರೆ! ಟ್ಯಾಕ್ಸ್ ವಾಪಸ್ ಬಂದದೆ ಕಣ್ರೇ ನಂಗೆ!"

"ಹಂಗಲ್ಲ ಹುಲಿಗೆಮ್ಮ, ನಾನು ಹತ್ತು ಕೋಟಿ ಅಂದಿದ್ದು ಸುಳ್ಳು."

"ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ ನೋಡ್ರಿ" ಎಂದಳು ಅವಳು ನೆರೆದವರಿಗೆ.

ಆಟೋಗಿಂತ ಸುದ್ದಿ ಮುಂದೆ ಓಡಿತು. ಅಜ್ಜಂಪುರ ತಲುಪುವಷ್ಟರಲ್ಲಿ ಈರುಳ್ಳಿ ಹೊಲದ ಬದುವಿನಲ್ಲಿ ತೆಂಗು ಬೆಳೆಯುವ ದೊಡ್ಡಬೀರಪ್ಪ ರಸ್ತೆಗೇ ಬಂದು ನಿಂತಿದ್ದ. "ಎಲ್ಲಿ ನನ್ನ ರೀಫಂಡು?" ಎಂದ. ಅವನದು ಹೋದ ಸಲ ಎರಡು ಕಾಯಿ ಹಿಡಿದಿದ್ದರು. ಕೊಟ್ಟ ಎರಡನ್ನೂ ತಿರುಗಿಸಿ ನೋಡಿ, "ಇದು ನಮ್ಮ ಮರದ್ದಲ್ಲ" ಎಂದ. ಮರದ ಮಾಲೀಕರಿಗೆ ಕಾಯಿ ಗುರುತಿನ ಭ್ರಮೆ ಯಾವಾಗಲೂ ಇರುತ್ತದೆ. ಇಡೀ ರಾಶಿ ರಸ್ತೆ ಬದಿಯಲ್ಲಿ ಸುರಿದು, ಅವನು ತನ್ನದೆಂದು ಆರಿಸಿಕೊಂಡ ಮೇಲೆ ಮತ್ತೆ ಹೇರಬೇಕಾಯಿತು. ಹೇರುತ್ತಿದ್ದವರಿಗೆ ಅವನು ಹೇಳುತ್ತಿದ್ದ, "ಸರ್ಕಾರ ಹಿಡ್ಕೊಂಡಿದ್ದು ವಾಪಸ್ ಬರಬೇಕಾದ್ರೆ ಜನ ಆಫೀಸು ಸುತ್ತಿ ಚಪ್ಪಲಿ ಸವೆಸ್ತಾರೆ. ನಮ್ಮ ಹೊನ್ನೇಶಪ್ಪೋರು ಮನೆ ಬಾಗಿಲಿಗೇ ತಂದ್ಕೊಟ್ರು. ಹತ್ತು ಕೋಟಿ ಎಲ್ಲಿ ಬಂತು, ಇಪ್ಪತ್ತಾದ್ರೂ ಇರಬೇಕು."

"ಬೀರಪ್ಪಾ, ನನ್ ಮಾತು ಕೇಳು. ನಾನು ಬಡವ."

"ಎಷ್ಟು ಸೌಜನ್ಯ!" ಎಂದ ದೊಡ್ಡಬೀರಪ್ಪ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಬುಕ್ಕಾಂಬುಧಿಯಲ್ಲಿ ಕೆಂಚಪ್ಪ ಕಾಯಿ ಮುಟ್ಟಲೇ ಇಲ್ಲ. "ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಮನೆತನ ಅಲ್ಲ ನಮ್ದು. ಸರ್ಕಾರಕ್ಕೆ ಕಷ್ಟ ಅದೆ, ಇಟ್ಕೊಳ್ಲಿ" ಎಂದು ಊಟ ಹಾಕಿ ಕಳಿಸಿದ. ತಾವು ಬಡವರೆಂದು ಹೇಳಲು ಹೋದ ಹೊನ್ನೇಶಪ್ಪನವರು ಹೋಗುವಾಗ ಹತ್ತು ಕೋಟಿಯವರಾಗಿದ್ದು, ಬರುವಷ್ಟರಲ್ಲಿ ಜನರ ಬಾಯಲ್ಲಿ ಮೂವತ್ತು ಕೋಟಿಯವರಾಗಿದ್ದರು.

ಶನಿವಾರ ಜಗಲಿಯ ತುಂಬ ಜನ. ಕೆಂಚಪ್ಪ, ಹುಲಿಗೆಮ್ಮ, ದೊಡ್ಡಬೀರಪ್ಪ ಎಲ್ಲರಿಗಿಂತ ಮೊದಲೇ ಬಂದಿದ್ದರು. ಹೊನ್ನೇಶಪ್ಪನವರಿಗೆ ಏನೋ ಸರ್ಕಾರಿ ತೊಂದರೆಯಂತೆ ಎಂದು ಕೇಳಿ ಉಪಕಾರ ತೀರಿಸಲು ಬಂದವರು. ಕಮಲಾಕ್ಷಮ್ಮ ಬಂದವರಿಗೆಲ್ಲ ತಂಬಿಟ್ಟು ಕಟ್ಟಿ ತಟ್ಟೆಯಲ್ಲಿಟ್ಟಿದ್ದಳು. ಶಿವಕುಮಾರರು ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು.

"ಇಂಥ ದೊಡ್ಡ ಮನುಷ್ಯ ಮೂರು ತಾಲ್ಲೂಕಲ್ಲಿ ಇಲ್ಲ, ಬರ್ಕೊಳಿ" ಎಂದ ಕೆಂಚಪ್ಪ.

"ಬಡ್ಡಿ ಸೇರ್ಸಿ ಕೊಟ್ರು ಸಾರ್" ಎಂದಳು ಹುಲಿಗೆಮ್ಮ.

"ಮೂವತ್ತು ಕೋಟಿ ಅಂತ ಬರೀರಿ ಸಾರ್, ಕಮ್ಮಿ ಬರೀಬೇಡಿ, ಆಮೇಲೆ ಅವರಿಗೆ ಬೇಜಾರಾಯ್ತದೆ" ಎಂದ ದೊಡ್ಡಬೀರಪ್ಪ.

ಶಿವಕುಮಾರರು ಹೊನ್ನೇಶಪ್ಪನವರ ಕಡೆ ನೋಡಿದರು. ಹೊನ್ನೇಶಪ್ಪನವರು ಎದ್ದು ನಿಂತರು.

"ನಾಲ್ಕು ಜನರ ಮುಂದೆ ಹೇಳ್ತೀನಿ ಸಾರ್. ನಂಗೆ ಹತ್ತು ಕೋಟಿ ಅಲ್ಲ, ಹತ್ತು ಲಕ್ಷಾನೂ ಒಟ್ಟಿಗೆ ನೋಡಿ ಗೊತ್ತಿಲ್ಲ. ಭಾವಮೈದನ ಮುಂದೆ ಕಮ್ಮಿ ಆಗಬಾರ್ದು ಅಂತ ಊಟಕ್ಕೆ ಕೂತಾಗ ಸುಳ್ಳು ಹೇಳ್ದೆ. ಆ ಸುಳ್ಳು ಉಳಿಸ್ಕೊಳ್ಳೋಕೆ ಇವರ ಹತ್ರ ಕಾಯಿ ಹಿಡ್ಕೊಂಡೆ. ಬೈದುಬಿಡಿ, ಹೊಡೆದುಬಿಡಿ, ಮಗೂದು ಸೀಟು ಮಾತ್ರ ತಪ್ಪಿಸಬೇಡಿ."

ಹುಲಿಗೆಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಶಿವಕುಮಾರರ ಮುಖವೂ ಸ್ವಲ್ಪ ಸಡಿಲವಾಯಿತು. ಆದರೆ ಅವರು ಕಣ್ಣಾರೆ ನೋಡದೆ ಸಹಿ ಹಾಕುವವರಲ್ಲವಲ್ಲ.

"ಭಾವಮೈದ ಅಂದ್ರೆ ತರೀಕೆರೆ ಓಂಕಾರೇಶ್ ತಾನೇ? ಅವರು ಹತ್ತು ಕೋಟಿ ದಾಟಿದೋರು ಅಂತ ಊರಿಗೇ ಗೊತ್ತು. ಅದರಲ್ಲಿ ನಿಮ್ಮದೂ ಪಾಲಿದೆ ಅಂತ ಜನ ಹೇಳ್ತಾರೆ. ಅದಕ್ಕೇನಂತೀರಿ?"

"ಪಾಲಿಲ್ಲ ಸಾರ್" ಎಂಬ ಧ್ವನಿ ಬೀದಿ ಕಡೆಯಿಂದ ಬಂತು. ಓಂಕಾರೇಶ ಕಾರಿನಿಂದಿಳಿದು ಬಂದು ನಿಂತಿದ್ದ. ಕಮಲಾಕ್ಷಮ್ಮ ಗಂಡನಿಗೆ ಹೇಳದೆ ಬೆಳಗ್ಗೆಯೇ ತಮ್ಮನಿಗೆ ಫೋನ್ ಮಾಡಿದ್ದಳು. ಹೊನ್ನೇಶಪ್ಪನವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. 'ಸುಳ್ಳು ಹೇಳ್ದೆ' ಎಂದದ್ದನ್ನೂ ಇವನು ಕೇಳಿಸಿಕೊಂಡಿದ್ದಾನೆಂದರೆ!

"ಪಾಲಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ" ಎಂದರು ಶಿವಕುಮಾರರು. "ನಿಮ್ಮ ಹತ್ತು ಕೋಟಿ ವಹಿವಾಟಿನ ಕಾಗದ ತನ್ನಿ, ಪಾಲುದಾರರು ಯಾರ್ಯಾರು ಅಂತ ನೋಡ್ತೀನಿ. ಆಡಿಟರ್ ಸಹಿ ಇರ್ಲಿ. ಮುಂದಿನ ವಾರ ತಂದ್ರೂ ನಡೆಯುತ್ತೆ, ನಂಗೇನ್ ಅವಸರ ಇಲ್ಲ."

"ಸೋಮವಾರ ಕಡೇ ದಿನ ಮಾವ" ಎಂದಳು ಭವ್ಯ, ಬಾಗಿಲ ಮರೆಯಿಂದ, ಮೆತ್ತಗೆ.

ಓಂಕಾರೇಶ ಅಕ್ಕನ ಮಗಳ ಮುಖ ನೋಡಿದ. ಅಕ್ಕನ ಮುಖ ನೋಡಿದ. ಅಕ್ಕ ತಂಬಿಟ್ಟಿನ ತಟ್ಟೆ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಕೊರಳಿನ ಸರ ಸರಿಪಡಿಸಿಕೊಂಡ.

"ಕಾಗದ ಇಲ್ಲ ಸಾರ್."

"ಯಾಕಿಲ್ಲ?"

"ಹತ್ತು ಕೋಟಿ ಇಲ್ಲ ಸಾರ್."

"ಮತ್ತೆ ಟಿಡಿಎಸ್ ಕಟ್ ಮಾಡ್ತೀನಿ ಅಂತ..."

"ಕಟ್ ಮಾಡೋನು ನಾನಲ್ಲ ಸಾರ್. ನನ್ನ ಅಡಿಕೆ ತಗೊಳ್ಳೋ ಸೇಟು ನಂಗೆ ಕಟ್ ಮಾಡ್ತಾನೆ. ದಾಟಿರೋದು ಅವನು. ಮನೆಗೆ ಮಾಡಿರೋ ಸಾಲ ಇನ್ನೂ ಹಂಗೇ ಅದೆ. ಮನೆ ದೊಡ್ಡದಾದ್ಮೇಲೆ ಮಾತೂ ಸ್ವಲ್ಪ ದೊಡ್ಡದಾಯ್ತು ಸಾರ್, ಅಷ್ಟೇ." ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿಯೆಲ್ಲ ಕೆಂಪಾಗಿತ್ತು. "ನನ್ನ ಮಾತು ಕೇಳಿ ಭಾವ ಹಾಳಾದ್ರು. ಬರ್ಕೊಳಿ ಸಾರ್, ನಾನೇ ಸಹಿ ಹಾಕ್ತೀನಿ."

ಸಾವಿತ್ರಮ್ಮ ಸೆರಗು ಬಾಯಿಗಿಟ್ಟು ಕಿಸಕ್ಕನೆ ನಕ್ಕಳು. ಅವಳ ಹಿಂದೆ ಇನ್ಯಾರೋ ನಕ್ಕರು. ಗಣಪತಿ ಸಮಿತಿಯ ದೇವರಾಜ, "ಹಂಗಾದ್ರೆ ಇಬ್ರದ್ದೂ ಬುರುಡೆ" ಎಂದ.

ಈ ಗಳಿಗೆಗಾಗಿ ಹೊನ್ನೇಶಪ್ಪನವರು ಎಷ್ಟು ವರ್ಷದಿಂದ ಕಾದಿದ್ದರೋ ಶಿವನೇ ಬಲ್ಲ. ಆ ಹಕ್ಕಿ ಕೂಗುವ ಮನೆ, ಆ ಕರುಣೆಯ ನೋಟ, ಆ 'ಬಿಡಿ' ಎಲ್ಲಕ್ಕೂ ಬಡ್ಡಿ ಸಮೇತ ತೀರುವಳಿ ಕೂತಲ್ಲಿಗೇ ಬಂದಿತ್ತು. ಅವರು ಮೀಸೆ ತಿರುವಬೇಕಿತ್ತು. ಆದರೆ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತವನನ್ನು ನೋಡಿದ್ದೇ ಅವರಿಗೆ ಎದೆ ತುಂಬಿ ಬಂತು. ನಮ್ಮ ಮಗಳಿಗಾಗಿ ನಮ್ಮ ಓಂಕಾರಿ ಇಷ್ಟು ಜನರ ಮುಂದೆ ಸಣ್ಣವನಾದನೇ! ಇದನ್ನು ನೋಡಿಕೊಂಡು ಕೂತರೆ ಮನುಷ್ಯತ್ವವೇ? ದಡಕ್ಕನೆ ಎದ್ದರು.

"ಯಾರ್ರೀ ಅದು ನಗೋದು?" ಎಂದು ಗುಡುಗಿದರು. "ಸಾರ್, ಇವನ ಮಾತು ನಂಬಬೇಡಿ! ಮಗೂ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾವ್ನೆ! ನಮ್ಮ ಓಂಕಾರಿ ಹತ್ತು ಕೋಟಿ ದಾಟಿರೋನೇ! ನಾನು ಕಣ್ಣಾರೆ ನೋ..."

ಶಿವಕುಮಾರರ ಪೆನ್ನು ಕಾಗದದಿಂದ ಮೇಲೆದ್ದಿತು. ಓಂಕಾರೇಶ, "ಅಯ್ಯೋ ಭಾವಾ!" ಎಂದು ತಲೆ ಮೇಲೆ ಕೈ ಹೊತ್ತ. ಕಮಲಾಕ್ಷಮ್ಮ ಒಂದೇ ಹೆಜ್ಜೆಗೆ ಬಂದು, ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತಂಬಿಟ್ಟಿನ ಉಂಡೆಯನ್ನು ಗಂಡನ ತೆರೆದ ಬಾಯಿಗೆ ಇಡಿಯಾಗಿ ತುರುಕಿ, ಅಂಗೈಯಿಂದ ಮುಚ್ಚಿ ಹಿಡಿದಳು.

"ಇವರದು ಬರೀ ಬಾಯಿ, ಅಷ್ಟೇ ಸಾರ್" ಎಂದಳು ಶಾಂತವಾಗಿ. "ನೀವು ಬರ್ಕೊಳಿ."

ಶಿವಕುಮಾರರು ಹೊನ್ನೇಶಪ್ಪನವರ ಉಬ್ಬಿದ ಕೆನ್ನೆಗಳನ್ನು ನೋಡಿದರು, ಪಕ್ಕದಲ್ಲಿ ಭಾವನ ಬೆನ್ನು ಸವರುತ್ತಾ "ನಿಧಾನ ಭಾವ, ನೀರು ಬೇಕಾ" ಎನ್ನುತ್ತಿದ್ದ ಓಂಕಾರೇಶನನ್ನು ನೋಡಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರಿಗೆ ಮೊದಲ ಸಲ ಒಂದು ಮನೆಯ ಆದಾಯ ಕಣ್ಣಾರೆ ಕಂಡಿತು.

"ನೀವೇನಾದ್ರೂ ಹೇಳೋದಿದ್ಯೇನ್ರೀ?" ಎಂದು ಹೊನ್ನೇಶಪ್ಪನವರನ್ನು ಕೇಳಿದರು.

ಹೊನ್ನೇಶಪ್ಪನವರು ಹೇಳಲು ಬಹಳ ಪ್ರಯತ್ನಪಟ್ಟರು. ಕಮಲಾಕ್ಷಮ್ಮ ಕೈ ತೆಗೆಯಲಿಲ್ಲ.

ಶಿವಕುಮಾರರು ಸಹಿ ಹಾಕಿ, ಕಾಗದವನ್ನು ಭವ್ಯಳ ಕೈಗೆ ಕೊಟ್ಟು, ಆ ಬಾಯಿ ಖಾಲಿಯಾಗುವುದಕ್ಕೆ ಮೊದಲೇ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು.